ನೋವಿಲ್ಲದ ಹೊತ್ತು

ಬಾಟಲಿ ಗಾಜಿನದಲ್ಲ. ಮೊದಲ ಪಾಠ ಅದೇ.
ಗಾಜನ್ನೇ ತಿನ್ನುವುದನ್ನು ಗಾಜಿನಲ್ಲಿ ಇಡುವುದು ಹೇಗೆ?
ಹಾಲುಬಣ್ಣದ ಪ್ಲಾಸ್ಟಿಕ್ಕು, ಕೆಂಪು ಮುಚ್ಚಳ,
ಕಪಾಟಿನ ಕೀಲಿ ಮೌಲಾಸಾಬ್ ತಾಂಬೋಳಿಯವರ ಉಡಿದಾರದಲ್ಲಿ.

ಕಲ್ಲು ನನ್ನದು, ಗೋಕಾಕದಿಂದ ಹೊತ್ತು ತಂದದ್ದು.
ಘಟಪ್ರಭೆ ಯಾವ ಕಾಲದಿಂದಲೋ ತಿಕ್ಕುತ್ತಿದ್ದರೂ
ಜಗ್ಗದ ಕಲ್ಲು.
ಕುಟ್ಟಿ, ಅರೆದು, ಜರಡಿ ಹಿಡಿದು
ಟೆಫ್ಲಾನ್ ಬಟ್ಟಲಿಗೆ ಒಂದು ಚಿಟಿಕೆ ಹಾಕಿ
ಎಚ್‌ಎಫ್ ಹನಿಸಿದರೆ
ಬೆಳಗಾಗುವುದರೊಳಗೆ ತಿಳಿನೀರು.

ಹುಡ್ಡಿನ ಗಾಜು ಮಬ್ಬಾಗಿತ್ತು,
ಪೊರೆ ಬಂದ ಕಣ್ಣಿನ ಹಾಗೆ.
ಇಷ್ಟು ವರ್ಷ ಒಳಗಿನ ಹೊಗೆ ನೆಕ್ಕಿದ ಗುರುತು.
‘ನೋಡಿದ್ಯಾ, ಇದನ್ನ ನಾವು ಉಸಿರಾಡಬಾರದು ಅಂತ
ಅದು ಉಸಿರಾಡೇತಿ’ ಅಂದರು.

ಎರಡು ಜೊತೆ ಗ್ಲೌಸು, ಮೇಲಿನದು ಮೊಣಕೈತನಕ.
ಏಪ್ರನ್ನು. ಮುಖಕ್ಕೆ ಪರದೆ.
‘ಒಬ್ಬಾಕೀನ ಎಂದೂ ಮಾಡಬ್ಯಾಡವಾ.
ಇನ್ನೊಂದು ಜೋಡಿ ಕಣ್ಣು ಹಿಂದ ಇರಬೇಕು.’
ಆ ಕಣ್ಣು ಸ್ಟೂಲಿನ ಮೇಲೆ ಕೂತಿರುತ್ತಿತ್ತು,
ಅಂಗಿಯ ಜೇಬಿನಲ್ಲಿ ಜೆಲ್ಲಿನ ಟ್ಯೂಬು,
ಟ್ಯೂಬಿನ ಕೊನೆಯ ತಾರೀಖು ಬಾಯಿಪಾಠ.

‘ಇದು ಮಂದಿ ಸುಡೂ ಆ್ಯಸಿಡ್ ಅಲ್ಲ.
ತೊಗಲಿನ ಹಂತ್ಯಾಕ ಜಗಳ ಆಡೂದಿಲ್ಲ,
ಸುಮ್ನ ದಾಟಿ ಒಳಗ ಹೋಗತೇತಿ.
ಎಲುವಿನ್ಯಾಗಿನ ಸುಣ್ಣ ಬೇಕು ಅದಕ್ಕ.
ಅದು ಕಸಗೊಳ್ಳೂದರಾಗ ನಾವ ಕೊಟ್ಟಬಿಡಬೇಕು.
ನಾವು ತಾಂಬೋಳಿ ಮಂದಿ,
ಕೇಳಿದವರಿಗೆ ಸುಣ್ಣ ಇಲ್ಲ ಅನ್ನೂದಿಲ್ಲ.’
ನಕ್ಕರು. ನಾನೂ ನಕ್ಕೆ.

ಆಮೇಲೆ ತಮ್ಮಪ್ಪನ ಮಾತು ತೆಗೆದರು:
ಎಲೆ ಅಡಿಕೆ ಅಂಗಡಿ ಬಿಟ್ಟು
ಖಡೇಬಜಾರಿನ ಸಂದಿಯಲ್ಲಿ ಕನ್ನಡಿಗೆ ಹೆಸರು ಕೊರೆಯುತ್ತಿದ್ದ,
ಮೇಣ ಹಚ್ಚಿ, ಅಕ್ಷರ ಕೆರೆದು, ಬರಿಗೈಲಿ ಆ್ಯಸಿಡ್ ಒರೆಸಿ.
ಹಗಲೆಲ್ಲ ಏನೂ ಇಲ್ಲ.
ರಾತ್ರಿ ಬೆರಳು ಹಲ್ಲಲ್ಲಿ ಕಚ್ಚಿ ಅಂಗಳ ತಿರುಗುತ್ತಿದ್ದ.
‘ಮನೀ ತುಂಬ ಸುಣ್ಣ ಇತ್ತು ನೋಡು.
ಯಾರಿಗೂ ಗೊತ್ತಿದ್ದಿಲ್ಲ.’
ಎಲೆಯ ಸುಣ್ಣ ಇದಕ್ಕೆ ಮದ್ದಲ್ಲ.
ನಾನು ಹೇಳಲಿಲ್ಲ.
ಅವರಿಗೂ ಗೊತ್ತಿತ್ತು.

ಜುಲೈ. ಬೆಳಗಾವಿಯ ಮಳೆ,
ಮೂರು ದಿನದಿಂದ ಒಂದೇ ರಾಗ.
ಮೂರನೇ ಗೇಟಿನಲ್ಲಿ ರೈಲು ಕೂಗುವಾಗ ಕರೆಂಟು ಹೋಯಿತು,
ಹುಡ್ಡಿನ ಫ್ಯಾನು ಉಸಿರು ಬಿಟ್ಟಿತು.
ಬಟ್ಟಲಿನ ಬಾಯಿ ಮುಚ್ಚಿ, ಗಾಜು ಎಳೆದೆ,
ಕಲಿಸಿದ ಹಾಗೇ.
ಗ್ಲೌಸು ಕಳಚುವಾಗ ಮಣಿಕಟ್ಟಿನ ಮೇಲೆ
ಒಂದು ತೇವ.
ಬೆವರಿರಬೇಕು.
ನೋವಿರಲಿಲ್ಲ.

‘ಕೈ ತೋರ್ಸು.’
‘ಏನಿಲ್ಲ ಮಾಮಾ, ನೋವಿಲ್ಲ.’
ಆ ಮನುಷ್ಯ ಓಡಿದ್ದನ್ನು ನಾನು ಕಂಡದ್ದು ಅಂದೇ.
ನಳದ ಕೆಳಗೆ ನನ್ನ ಕೈ, ಗಡಿಯಾರ ಅವರ ಎದುರು.
ತಾವು ಹೊಸ ಗ್ಲೌಸು ತೊಟ್ಟು
ಜೆಲ್ಲು ತಿಕ್ಕಿದರು, ತಿಕ್ಕಿದರು,
ರಿಕ್ಷಾದಲ್ಲೂ ತಿಕ್ಕಿದರು,
ಗೇಟು ತೆರೆಯುವತನಕ ರೈಲಿಗೆ ಬೈಯುತ್ತ ತಿಕ್ಕಿದರು.
ಆಸ್ಪತ್ರೆಯಲ್ಲಿ ಹುಡುಗ ಡಾಕ್ಟರು
‘ಸುಟ್ಟ ಗಾಯ ಎಲ್ಲಿ?’ ಎಂದು ಕೇಳಿದಾಗ
ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದುಕೊಟ್ಟರು.
ಅದು ಎಷ್ಟು ವರ್ಷದಿಂದ ಅಲ್ಲಿತ್ತೋ,
ಮಡಿಕೆ ಹರಿದಿತ್ತು.

ರಾತ್ರಿ ಹನ್ನೊಂದಕ್ಕೆ ನೋವು ಬಂತು.
ಬಾಗಿಲು ಬಡಿಯಿತು,
ಒಳಗೆ ಯಾರೋ ಎಚ್ಚರಿದ್ದಾರೆಂದು ತಿಳಿದ ಕಳ್ಳನ ಹಾಗೆ
ತುಸು ನಿಂತು, ಹೋಯಿತು.

ಹದಿನೈದು ದಿನಕ್ಕೆ ಅವರ ಮನೆಗೆ ಊಟಕ್ಕೆ ಕರೆದರು.
ಗೋಡೆಯ ಮೇಲೆ ಅಪ್ಪನ ಕೈಯ ಒಂದೇ ಕನ್ನಡಿ:
‘ಚಿ. ಸೌ. ಇಂದುಮತಿಗೆ ಪ್ರೀತಿಯಿಂದ’,
ಮತಿಯ ಮೇಲೆ ಒಂದು ಗುಡಿಸು ತಪ್ಪಿ ‘ಮತ’ ಆಗಿತ್ತು.
ಗಿರಾಕಿ ಒಯ್ಯಲಿಲ್ಲವಂತೆ.
ಈ ಮನೆಯ ಹೆಂಗಸರೆಲ್ಲ
ಇಂದುಮತಿ ಎಂಬ ಕಾಣದ ಹೆಣ್ಣಿನೊಳಗಿಂದ ಇಣುಕಿ
ತಲೆ ಬಾಚಿಕೊಂಡವರು.

ಕೈ ತೊಳೆದು ಬಂದು ನಾನೂ ನಿಂತೆ.
ಬಿಳಿ ಅಕ್ಷರಗಳ ಸಂದಿಯಲ್ಲಿ ನನ್ನ ಮುಖ,
ಕೂದಲು ಸರಿಮಾಡುವ ನನ್ನ ಕೈ.
ಮಣಿಕಟ್ಟಿನ ಮೇಲೆ
ಏನೂ ಬರೆದಿರಲಿಲ್ಲ.